ಹೊಗೇನಕಲ್ ಹರಿಗೋಲು: ತಿರುಗಿಸಬೇಡಿ ಅಂತ ಮೊದಲೇ ಹೇಳಿ

ಹೊಗೇನಕಲ್‌ಗೆ ಹೋದವರಲ್ಲಿ ಹೆಚ್ಚಿನವರು ಜಲಪಾತ ನೋಡಿ, ಹರಿಗೋಲಲ್ಲಿ ನಾಲ್ಕು ಸುತ್ತು ಗಿರ್ರನೆ ತಿರುಗಿ, ಮೀನು ತಿಂದು ವಾಪಸಾಗುತ್ತಾರೆ. ಸೊಗಸಿರುವುದು ಅದಕ್ಕೂ ಕೆಳಗೆ, ಕಾವೇರಿ ಬಂಡೆಗೋಡೆಗಳ ನಡುವೆ ಇಕ್ಕಟ್ಟಾಗಿ ಹರಿಯುವಲ್ಲಿ. ಒಂದು ದಡ ತಮಿಳುನಾಡಿನ ಧರ್ಮಪುರಿ ಜಿಲ್ಲೆ, ಇನ್ನೊಂದು ನಮ್ಮ ಚಾಮರಾಜನಗರದ ಕಾಡು. ಮಲೆ ಮಹದೇಶ್ವರ ಬೆಟ್ಟದಿಂದ ಗೋಪಿನಾಥಂ ಮೇಲೆ ಬಂದರೆ ಈ ದಡಕ್ಕೇ ಇಳಿಯಬಹುದು.

ಹರಿಗೋಲು ಸುಮಾರು 7 ಅಡಿ ಅಗಲದ ಬಿದಿರಿನ ಬುಟ್ಟಿ. ಹಿಂದೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು. ತಳ ಚಪ್ಪಟೆ, ಮೂತಿ ಬಾಲ ಎರಡೂ ಇಲ್ಲ. ಹಾಗಾಗಿ ಒಂದೇ ಹುಟ್ಟಿನೇಟಿಗೆ ಬುಗುರಿಯಾಗುತ್ತದೆ. ಮಕ್ಕಳಿಗೆ ವಾಂತಿ ಬರುವುದು ಈ ಸುತ್ತಾಟದಲ್ಲೇ. ಕೇಕೆ ಕೇಳಿದರೆ ಪ್ರಾಣಿಗಳೂ ಜಾಗ ಖಾಲಿ ಮಾಡುತ್ತವೆ. ತಿರುಗಿಸಬೇಡಿ, ದಡದ ಪಕ್ಕದಲ್ಲೇ ನಿಧಾನ ಹೋಗಿ ಅಂತ ಅಂಬಿಗರಿಗೆ ಹತ್ತುವ ಮೊದಲೇ ಹೇಳಿ. ದರ ತಲೆಗೋ ಹರಿಗೋಲಿಗೋ, ಎಲ್ಲಿಯವರೆಗೆ, ಎಷ್ಟು ಹೊತ್ತು ಅನ್ನುವುದನ್ನೂ ಆಗಲೇ ಮಾತಾಡಿಕೊಳ್ಳಿ.

ಚಳಿಗಾಲದ ಬೆಳಿಗ್ಗೆ ಬಿಸಿಲೇರುವಾಗ ನೀರಂಚಿನ ಚಪ್ಪಟೆ ಬಂಡೆಗಳನ್ನು ಗಮನಿಸಿ: ಮೊಸಳೆ ಮೈ ಕಾಯಿಸಲು ಬರುವ ಹೊತ್ತು ಅದು. ಬಾಯಿ ತೆರೆದು ಮಲಗಿದ್ದರೆ ಸಿಟ್ಟಲ್ಲ, ಮೈಬಿಸಿ ಹದ ಮಾಡಿಕೊಳ್ಳುತ್ತಿರುತ್ತದೆ. ಬಂಡೆಯ ಮೇಲೆ ಮೀನಿನ ಹುರುಪೆ, ಮುಳ್ಳು ತುಂಬಿದ ಹಿಕ್ಕೆ ಕಂಡರೆ ನೀರುನಾಯಿಗಳ ಅಡ್ಡೆ ಹತ್ತಿರದಲ್ಲಿದೆ. ಸುಣ್ಣ ಬಳಿದಂಥ ಬಿಳಿ ಕಲೆಗಳು ನೀರುಕಾಗೆಗಳದ್ದು. ನೀರುನಾಯಿ ಒಂಟಿಯಾಗಿ ಸಿಗುವುದು ಕಡಿಮೆ, ಸಾಲಾಗಿ ಐದಾರು ತಲೆ ಏಳುತ್ತವೆ. ದಡದ ಹೊಳೆಮತ್ತಿ ಮರಗಳ ಕೊಂಬೆ ಕೂಡುವಲ್ಲಿ ಎಲೆಯ ದೊಡ್ಡ ಗೂಡಿದ್ದರೆ ಸ್ವಲ್ಪ ಕಾಯಿರಿ. ಬೂದುಬಣ್ಣದ ದೊಡ್ಡ ಅಳಿಲಿಗೆ ಈ ಕಾವೇರಿ ಕಾಡು ಉಳಿದಿರುವ ಕೆಲವೇ ನೆಲೆಗಳಲ್ಲೊಂದು, ಕರ್ನಾಟಕದಲ್ಲಂತೂ ಬೇರೆಡೆ ಹುಡುಕುವುದು ಕಷ್ಟ. ನೀರೊಳಗಿನ ಕಿತ್ತಳೆ ರೆಕ್ಕೆಯ ಮಹಶೀರ್ ಕಾವೇರಿ ಕೊಳ್ಳದ್ದೇ ಮೀನು. 2018ರಲ್ಲಿ ಅಳಿವಿನ ಅಂಚಿನ ಪಟ್ಟಿ ಸೇರಿತು. ಅದು ಕಾಣುವುದು ಅಪರೂಪ, ಆದರೆ ಎಂಥ ನೀರಿನ ಮೇಲೆ ಹೋಗುತ್ತಿದ್ದೀರಿ ಅನ್ನುವುದು ಗೊತ್ತಿರಲಿ.

ಎಡವಟ್ಟಾಗುವುದು ಬಹಳ ಸಲ ನಿಂತು ಫೋಟೊ ತೆಗೆಯುವಾಗ. ಭಾರ ಒಂದು ಕಡೆ ವಾಲಿದರೆ ಬುಟ್ಟಿಯ ಅಂಚು ನೀರು ಕುಡಿಯುತ್ತದೆ. ಎದುರುಬದುರು ಕೂತು ತೂಕ ಸರಿಮಾಡಿಕೊಳ್ಳಿ, ಲೈಫ್ ಜಾಕೆಟ್ಟಿನ ಪಟ್ಟಿ ಎಲ್ಲವನ್ನೂ ಬಿಗಿಯಿರಿ. ಸಡಿಲ ಜಾಕೆಟ್ ನೀರಲ್ಲಿ ಗಲ್ಲದ ಮೇಲೇರಿಬಿಡುತ್ತದೆ. ತಳದಲ್ಲಿ ಸದಾ ತೇವ, ಬ್ಯಾಗು ಮಡಿಲಲ್ಲಿರಲಿ. ನೆರಳಿಲ್ಲ, ಟೋಪಿ ಬೇಕೇ ಬೇಕು. ತಿಂಡಿಯ ಪೊಟ್ಟಣ ಮಂಗಗಳ ಕಣ್ಣಿಗೆ ಬೀಳದಿರಲಿ.

ಮಳೆಗಾಲದಲ್ಲಿ ಕಬಿನಿ, ಕೆಆರ್‌ಎಸ್‌ನಿಂದ ನೀರು ಬಿಟ್ಟರೆ ಹರಿಗೋಲು ಬಂದ್. ಹೊರಡುವ ಹಿಂದಿನ ದಿನ ಹೊಗೇನಕಲ್‌ಗೂ ಮೇಲೆ ಕಾವೇರಿ ನೀರು ಅಳೆಯುವ ಜಾಗವಾದ ಬಿಳಿಗುಂಡ್ಲುವಿನ ಒಳಹರಿವು ಎಷ್ಟು ಕ್ಯೂಸೆಕ್ ಎಂದು ಸುದ್ದಿಯಲ್ಲಿ ನೋಡಿ. ಏರುತ್ತಿದ್ದರೆ ಪ್ರಯಾಣ ಮುಂದೂಡಿ; ಅಕ್ಟೋಬರ್ ಕಳೆದು ನೀರು ತಿಳಿಯಾದ ಮೇಲೆ ಹೋದರೆ ಕಣಿವೆಯ ತಳದ ಕಲ್ಲೂ ಕಾಣುತ್ತದೆ.