ಆಂಕಿ ಆ್ಯಪ್ ಎರಡೂವರೆ ವರ್ಷ ಬಳಸಿದ ಮೇಲೆ ಬರೆಯುತ್ತಿದ್ದೇನೆ

ಓದಿದ್ದನ್ನು ನೆನಪಿಡಲು ಪ್ರಶ್ನೆ-ಉತ್ತರದ ಕಾರ್ಡ್ ತೋರಿಸುವ ಆ್ಯಪ್ ಇದು. ಬಿ.ಎ. ಕೊನೆಯ ವರ್ಷ ಶುರುವಾದಾಗ ಹಾಕಿಕೊಂಡಿದ್ದೆ. ಈಗ ಮುಂಬೈ ವಿಶ್ವವಿದ್ಯಾಲಯದ ಕಲೀನಾ ಕ್ಯಾಂಪಸ್ಸಿನಲ್ಲಿ ಸೈಕಾಲಜಿ ಎಂ.ಎ. ಎರಡನೇ ವರ್ಷ. ಇವತ್ತು ಬೆಳಿಗ್ಗೆಯೂ ಡೊಂಬಿವಲಿಯಿಂದ ಕುರ್ಲಾಗೆ ಬರುವ ಲೋಕಲ್‌ನಲ್ಲಿ ನಿಂತುಕೊಂಡೇ 64 ಕಾರ್ಡ್ ಮುಗಿಸಿದೆ. ಒಂದು ಕೈ ಮೇಲಿನ ಹಿಡಿಕೆಗೆ, ಇನ್ನೊಂದು ಕೈಯ ಹೆಬ್ಬೆರಳು ಫೋನಿಗೆ. ಅಷ್ಟು ಜಾಗ ಸಿಕ್ಕರೆ ಸಾಕು. ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಆಂಕಿ ಅಂದರೆ ಜಪಾನಿ ಭಾಷೆಯಲ್ಲಿ ಕಂಠಪಾಠ. 2006ರಲ್ಲಿ ಡೇಮಿಯನ್ ಎಲ್ಮ್ಸ್ ಎನ್ನುವವರು ಹೊರತಂದರು. ಕಾರ್ಡಿನ ಒಂದು ಬದಿ ಪ್ರಶ್ನೆ, ಇನ್ನೊಂದು ಬದಿ ಉತ್ತರ. ಉತ್ತರವನ್ನು ಮನಸ್ಸಲ್ಲೇ ಹೇಳಿಕೊಂಡು ಕಾರ್ಡ್ ತಿರುಗಿಸಬೇಕು, ಆಮೇಲೆ ‘ಮತ್ತೆ’, ‘ಕಷ್ಟ’, ‘ಸರಿ’, ‘ಸುಲಭ’ ಎನ್ನುವ ನಾಲ್ಕರಲ್ಲಿ ಒಂದು ಒತ್ತಬೇಕು. ಸುಲಭ ಅಂದರೆ ಆ ಕಾರ್ಡ್ ತುಂಬಾ ದಿನ ಬಿಟ್ಟು ಬರುತ್ತದೆ, ಮರೆತಿದ್ದರೆ ಸ್ವಲ್ಪ ಹೊತ್ತಿನಲ್ಲೇ ಮತ್ತೆ ಎದುರಿಗೆ. ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ತಾನೇ ಮರೆತು, ಮರೆಯುವ ವೇಗವನ್ನು ಅಳೆದು 1885ರಲ್ಲಿ ಪ್ರಕಟಿಸಿದನಲ್ಲ, ಆ ದಾರಿಯಲ್ಲೇ ಬಂದದ್ದು ಇದು. 2023ರ ಕೊನೆಯ ಆವೃತ್ತಿಗಳಿಂದ ಎಫ್‌ಎಸ್‌ಆರ್‌ಎಸ್ ಎನ್ನುವ ಹೊಸ ಲೆಕ್ಕ ಸೇರಿದೆ, ನೀವು ಎಷ್ಟು ಬೇಗ ಮರೆಯುತ್ತೀರಿ ಅನ್ನುವುದನ್ನೇ ನೋಡಿ ದಿನ ನಿಗದಿ ಮಾಡುತ್ತದೆ. ಸೆಟ್ಟಿಂಗ್‌ನಲ್ಲಿ ಅದನ್ನು ಆನ್ ಮಾಡಿಕೊಳ್ಳಿ. ಕಂಪ್ಯೂಟರಿಗೂ ಆಂಡ್ರಾಯ್ಡ್‌ಗೂ ಉಚಿತ. ಐಫೋನ್‌ನಲ್ಲಿ ದುಡ್ಡು ಕೊಟ್ಟು ಕೊಳ್ಳಬೇಕು.

ಮೊದಲು ನಾನು ಓದುತ್ತಿದ್ದದ್ದು ಹೀಗೆ: ಮೂರು ಬಣ್ಣದ ಹೈಲೈಟರ್, ಅದೇ ಪುಟವನ್ನು ನಾಲ್ಕು ಸಲ ಓದುವುದು. ಓದುವಾಗ ಎಲ್ಲಾ ಗೊತ್ತಿದೆ ಅನ್ನಿಸುತ್ತಿತ್ತು, ಪರೀಕ್ಷೆಯಲ್ಲಿ ಕೈ ನಿಂತುಬಿಡುತ್ತಿತ್ತು. ಯಾಕೆ ಅಂತ ಗೊತ್ತಾದದ್ದು ರೋಡಿಗರ್ ಮತ್ತು ಕಾರ್ಪಿಕಿ ಎನ್ನುವ ಮನಶ್ಶಾಸ್ತ್ರಜ್ಞರ 2006ರ ಪ್ರಯೋಗ ಓದಿದಾಗ. ಒಂದು ಗುಂಪು ಪಾಠವನ್ನು ಮತ್ತೆ ಓದಿತು, ಇನ್ನೊಂದು ಗುಂಪು ಪುಸ್ತಕ ಮುಚ್ಚಿ ನೆನಪಿದ್ದಷ್ಟು ಬರೆಯಿತು. ಐದು ನಿಮಿಷದ ನಂತರ ಕೇಳಿದರೆ ಮತ್ತೆ ಓದಿದವರೇ ಮುಂದೆ. ವಾರ ಬಿಟ್ಟು ಕೇಳಿದರೆ ತಿರುವುಮುರುವು, ಬರೆದು ನೋಡಿದವರಿಗೆ ಜಾಸ್ತಿ ನೆನಪಿತ್ತು. ನನ್ನ ಹೈಲೈಟರ್ ಆ ಐದು ನಿಮಿಷಕ್ಕೆ ಮಾತ್ರ ಕೆಲಸ ಮಾಡುತ್ತಿತ್ತು, ಅಷ್ಟೇ.

ಆದರೆ ಈ ವಿಮರ್ಶೆ ಬರೆಯಲು ಕೂತದ್ದು ನನ್ನ ಓದಿನ ಕಾರಣಕ್ಕಲ್ಲ, ತಮ್ಮನ ಕಾರಣಕ್ಕೆ.

ತಮ್ಮ ಈಗ ಹತ್ತನೇ ಕ್ಲಾಸು. ಅವನ ಕೈಗೆ ಫೋನ್ ಬಂದದ್ದು 2020ರ ಲಾಕ್‌ಡೌನಿನಲ್ಲಿ, ಆನ್‌ಲೈನ್ ಕ್ಲಾಸಿಗೆ ಅಂತ. ಕ್ಲಾಸು ಶಾಲೆಗೆ ವಾಪಸ್ ಹೋಯಿತು, ಫೋನ್ ಮನೆಯಲ್ಲೇ ಉಳಿಯಿತು. ಎರಡು ವರ್ಷದ ಹಿಂದೆ ಅವನು ಹೋಗುತ್ತಿದ್ದ ಒಂದು ಟ್ಯೂಷನ್‌ನಲ್ಲಿ ಮಕ್ಕಳಿಗೆ ಪ್ರಶ್ನೆಪಟ್ಟಿ ತುಂಬಿಸಿ, ನೀನು ವಿಶುವಲ್, ನೀನು ಆಡಿಟರಿ ಅಂತ ಚೀಟಿ ಕೊಟ್ಟರು. ತಮ್ಮನಿಗೆ ಬಂದದ್ದು ಆಡಿಟರಿ, ಅಂದರೆ ಕೇಳಿ ಕಲಿಯುವವನು. ಅವತ್ತಿನಿಂದ ಪುಸ್ತಕ ಮುಟ್ಟು ಅಂದರೆ, ‘ಅಕ್ಕಾ, ನಂದು ಓದಿ ಕಲಿಯೋ ಟೈಪ್ ಅಲ್ಲ, ವೀಡಿಯೊ ನೋಡ್ತೀನಿ’ ಅನ್ನುತ್ತಿದ್ದ. ವೀಡಿಯೊ ಹಚ್ಚಿದರೆ ಮುಂದಿನದು ತಾನೇ ಬರುತ್ತದೆ, ಅದರ ಮುಂದಿನದು ಕ್ರಿಕೆಟ್. ಹದಿಮೂರು ವರ್ಷದ ಹುಡುಗನಿಗೆ ನಿನ್ನ ಮಿದುಳು ಹೀಗೇ ಇದೆ ಅಂತ ಚೀಟಿ ಬರೆದುಕೊಟ್ಟರೆ ಅವನು ನಂಬದೆ ಏನು ಮಾಡುತ್ತಾನೆ? ನನಗೆ ಇವತ್ತಿಗೂ ಆ ಚೀಟಿಯ ಮೇಲೆ ಸಿಟ್ಟಿದೆ.

ಈ ವಿಂಗಡಣೆಯನ್ನು ಜನಪ್ರಿಯ ಮಾಡಿದ್ದು ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್. ನೋಡುವುದು, ಕೇಳುವುದು, ಓದಿ ಬರೆಯುವುದು, ಮಾಡಿ ತಿಳಿಯುವುದು ಅಂತ ನಾಲ್ಕು. ಇಷ್ಟ ಬೇರೆ ಬೇರೆ ಇರುತ್ತದೆ ಅನ್ನುವುದು ನಿಜವೇ. ಆದರೆ ಅವರವರ ಶೈಲಿಗೆ ಹೊಂದಿಸಿ ಪಾಠ ಮಾಡಿದರೆ ಜಾಸ್ತಿ ಕಲಿಯುತ್ತಾರೆ ಎನ್ನುವುದಕ್ಕೆ ಸಾಕಷ್ಟು ಪುರಾವೆ ಇಲ್ಲ ಅಂತ 2008ರಲ್ಲೇ ಮನಶ್ಶಾಸ್ತ್ರಜ್ಞ ಹೆರಾಲ್ಡ್ ಪ್ಯಾಶ್ಲರ್ ಮತ್ತು ಜೊತೆಗಾರರು ಬರೆದರು. ಇದು ನಮಗೆ ಎಂ.ಎ.ಯಲ್ಲಿ ಪಾಠ. ಟ್ಯೂಷನ್ ತನಕ ಇನ್ನೂ ಬಂದಿಲ್ಲ.

ವಾದ ಮಾಡಿ ಪ್ರಯೋಜನವಿಲ್ಲ ಅಂತ ಗೊತ್ತಿತ್ತು. ಅದಕ್ಕೆ ಬೇರೆ ಕೆಲಸ ಹಿಡಿದೆ. ನಮ್ಮದು ಕುಂದಾಪುರದ ಕಡೆ. ತಮ್ಮ ಮನೆಯಲ್ಲಿ ಕನ್ನಡ ಮಾತಾಡುತ್ತಾನೆ, ಓದಲು ಬರುತ್ತಿರಲಿಲ್ಲ. ಶಾಲೆಯಲ್ಲಿ ಮರಾಠಿ ಇರುವುದರಿಂದ ಬಾರಾಖಡಿ ಗೊತ್ತು, ಅಂದರೆ ನಮ್ಮ ಕಾಗುಣಿತದ ಲೆಕ್ಕ ಗೊತ್ತು, ಆಕಾರ ಮಾತ್ರ ಗೊತ್ತಿಲ್ಲ. ಆಂಕಿಯಲ್ಲಿ ಕನ್ನಡ ಅಕ್ಷರದ ಕಾರ್ಡ್ ಮಾಡಿದೆ. ಕಾರ್ಡಿಗೆ ದನಿ ಸೇರಿಸಬಹುದು. ಅಜ್ಜಿಯನ್ನು ಅಡಿಗೆಮನೆ ಬಾಗಿಲ ಹತ್ತಿರ ಕೂರಿಸಿ, ಫ್ಯಾನ್ ಆಫ್ ಮಾಡಿ, ಒಂದೊಂದೇ ಅಕ್ಷರ ಹೇಳಿಸಿ ರೆಕಾರ್ಡ್ ಮಾಡಿಕೊಂಡೆ. ಕೆಲವು ಕಾರ್ಡಿನಲ್ಲಿ ಕುಕ್ಕರ್ ಸೀಟಿಯೂ ಬಂದಿದೆ. ತೆಗೆದಿಲ್ಲ.

ಕೇಳಿ ಕಲಿಯುವವನು ಅಲ್ವಾ, ದನಿ ಇದ್ದ ಮೇಲೆ ಬೇಗ ಬರಬೇಕಿತ್ತು. ಬರಲಿಲ್ಲ. ದನಿ ಅವನಿಗೆ ಮೊದಲೇ ಗೊತ್ತಿದ್ದದ್ದು. ಕಲಿಯಬೇಕಾದದ್ದು ಆಕಾರ. ‘ಮ’ ಮತ್ತು ‘ವು’ ಅವನ ಕಣ್ಣಿಗೆ ಒಂದೇ. ‘ಹೂವು’ ಎನ್ನುವುದನ್ನು ‘ಹೂಮ’ ಅಂತ ಓದುತ್ತಿದ್ದ. ಒಂದು ಕಾರ್ಡ್ ಎಂಟು ಸಲ ಮರೆತರೆ ಆಂಕಿ ಅದಕ್ಕೆ ‘ಲೀಚ್’ ಅಂತ ಗುರುತು ಹಾಕುತ್ತದೆ, ಜಿಗಣೆ ಅಂತ ಅರ್ಥ. ಅಂಥ ಕಾರ್ಡನ್ನು ಮತ್ತೆ ಮತ್ತೆ ತಿರುಗಿಸಿ ಫಲವಿಲ್ಲ, ಕಲಿಸುವ ರೀತಿಯನ್ನೇ ಬದಲಾಯಿಸಬೇಕು. ಆಗ ಅಜ್ಜಿ ಹಳೆ ಪೇಪರಿನ ಅಂಚಿನಲ್ಲಿ ಎರಡನ್ನೂ ದೊಡ್ಡದಾಗಿ ಬರೆದರು. ‘ಬಾಲ ಕಾಣ್ ಮಗಾ, ಬಾಲ’ ಅಂದರು. ವು ಬರೆಯುವಾಗ ಕೊಂಬು ತಲೆಕಟ್ಟಿನ ತನಕ ಮೇಲೇಳುತ್ತದೆ, ಮ ಬರೆಯುವಾಗ ಬಾಲ ಕೆಳಗೇ ಸಣ್ಣದಾಗಿ ನಿಲ್ಲುತ್ತದೆ. ಅವನ ಕೈಯಲ್ಲಿ ಇಪ್ಪತ್ತು ಸಲ ಬರೆಸಿದರು. ಅಲ್ಲಿಗೆ ಬಿಡಿಸಿಕೊಂಡಿತು. ಆಕಾರ ಕಲಿಯಲು ಕಣ್ಣು ಬೇಕು, ಕೈ ಬೇಕು, ಕಲಿಯುವವನು ಯಾವ ‘ಟೈಪ್’ ಆದರೂ ಸರಿ. ಅಜ್ಜಿಗೆ ಇದು ಯಾವ ಪ್ರಯೋಗವೂ ಇಲ್ಲದೆ ಗೊತ್ತಿತ್ತು. ಕೆಲವು ವಾರದ ನಂತರ ತಮ್ಮನೇ ಆ ಟ್ಯೂಷನ್ ಚೀಟಿಯನ್ನು ಫೈಲಿನಿಂದ ತೆಗೆದ. ನಾನು ಏನೂ ಕೇಳಲಿಲ್ಲ.

ಫೋನಿನ ವಿಷಯಕ್ಕೆ ಬರುತ್ತೇನೆ. ಅದೇ ಫೋನಿನಲ್ಲಿ ರೀಲ್ಸ್ ಇದೆ, ಗೇಮ್ ಇದೆ, ಆಂಕಿಯೂ ಇದೆ. ನಾನು ಕಂಡ ವ್ಯತ್ಯಾಸ ಒಂದೇ. ದಿನದ ಕಾರ್ಡ್ ಮುಗಿದರೆ ಆಂಕಿ ಅಭಿನಂದನೆ ಹೇಳಿ, ಸದ್ಯಕ್ಕೆ ಮುಗಿಯಿತು ಅನ್ನುತ್ತದೆ. ಮುಂದೆ ತೋರಿಸಲು ಅದರ ಹತ್ತಿರ ಏನೂ ಇರುವುದಿಲ್ಲ. ರೀಲ್ಸ್‌ಗೆ ಕೊನೆಯೇ ಇಲ್ಲ. ಹದಿನೈದರ ಹುಡುಗನಿಗೆ ‘ಸಾಕು, ನಿಲ್ಲಿಸು’ ಅಂತ ದಿನಕ್ಕೆ ಹತ್ತು ಸಲ ಹೇಳಿ ನಾನೂ ಅಮ್ಮನೂ ಸೋತಿದ್ದೆವು, ಅವನೂ ಸೋತಿದ್ದ. ತಾನಾಗಿ ಮುಗಿಯುವ ವಸ್ತು ಕೈಗೆ ಸಿಕ್ಕಿದಾಗ ಅವನೇ ಫೋನ್ ಇಟ್ಟು ಎದ್ದ. ಮೊದಲ ಸಲ ಅದನ್ನು ನೋಡಿದಾಗ ನಾನು ಸುಮ್ನೆ ನೋಡುತ್ತಾ ಕೂತೆ.

ಹಾಗಂತ ಎಲ್ಲಾ ಸರಿಹೋಗಿಲ್ಲ. ಫೋನ್ ಪಕ್ಕದಲ್ಲಿದ್ದರೆ ಗಮನ ಅಲ್ಲೇ. 2017ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಏಡ್ರಿಯನ್ ವಾರ್ಡ್ ಮತ್ತು ಜೊತೆಗಾರರು ಫೋನ್ ಮೇಜಿನ ಮೇಲಿದ್ದವರಿಗಿಂತ ಬೇರೆ ಕೋಣೆಯಲ್ಲಿಟ್ಟವರೇ ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದರು ಅಂತ ತೋರಿಸಿದ್ದರು. ಆಮೇಲೆ ಬೇರೆಯವರು ಅದನ್ನೇ ಮಾಡಿ ನೋಡಿದಾಗ ಎಲ್ಲ ಕಡೆ ಹಾಗೇ ಬರಲಿಲ್ಲ, ಅದನ್ನೂ ಹೇಳಬೇಕು. ನಮ್ಮ ಒಂದೂವರೆ ಕೋಣೆಯ ಮನೆಯಲ್ಲಿ ಬೇರೆ ಕೋಣೆ ಅಂದರೆ ಅಡಿಗೆಮನೆ. ರಾತ್ರಿ ಒಂಬತ್ತಕ್ಕೆ ಇಬ್ಬರ ಫೋನೂ ಅಕ್ಕಿ ಡಬ್ಬದ ಮೇಲೆ. ನನ್ನದೂ ಇಟ್ಟರೇ ಅವನು ಇಡುತ್ತಾನೆ.

ಆ್ಯಪ್‌ನ ತೊಂದರೆಗಳು. ಮೊದಲ ವಾರ ಸೆಟ್ಟಿಂಗ್ ನೋಡಿ ಗಾಬರಿಯಾಗುತ್ತದೆ, ಎಷ್ಟೊಂದು ಇದೆ. ದಿನಕ್ಕೆ 20 ಹೊಸ ಕಾರ್ಡ್ ಅಂತ ಮೊದಲೇ ಇಟ್ಟಿರುತ್ತಾರೆ, ಅದನ್ನು 8ಕ್ಕೋ 10ಕ್ಕೋ ಇಳಿಸಿ. ಮದುವೆಗೆ ಅಂತ ಊರಿಗೆ ಹೋಗಿ ಹನ್ನೆರಡು ದಿನ ಬಿಟ್ಟಿದ್ದೆ, ಬಂದು ತೆರೆದರೆ 900 ಕಾರ್ಡ್ ಕಾಯುತ್ತಿತ್ತು, ಅಳು ಬಂತು. ದಿನಕ್ಕೆ ಇಷ್ಟೇ ಅಂತ ಮಿತಿ ಹಾಕಿ ಮೂರು ವಾರದಲ್ಲಿ ತೀರಿಸಿದೆ. ಬೇರೆಯವರು ಮಾಡಿಟ್ಟ ಕಾರ್ಡ್ ಇಳಿಸಿಕೊಳ್ಳಬಹುದು, ನನಗಂತೂ ನಾನೇ ಮಾಡಿದ್ದೇ ನಿಂತಿದೆ. ಇನ್ನೊಂದು ಮುಖ್ಯ ವಿಷಯ: ಇದು ನೆನಪಿಗೆ, ಅರ್ಥಕ್ಕಲ್ಲ. ಒಂದು ವೈವಾದಲ್ಲಿ (ಮೌಖಿಕ ಪರೀಕ್ಷೆ) ವ್ಯಾಖ್ಯೆಯನ್ನು ಅಕ್ಷರ ಬಿಡದೆ ಹೇಳಿದೆ, ಉದಾಹರಣೆ ಕೊಡಿ ಅಂದಾಗ ಮಾತೇ ಬರಲಿಲ್ಲ. ಆಮೇಲಿಂದ ಪ್ರತಿ ವ್ಯಾಖ್ಯೆಗೆ ನಮ್ಮ ಮನೆಯದೋ ಲೋಕಲ್‌ನದೋ ಒಂದು ಉದಾಹರಣೆಯ ಕಾರ್ಡ್ ಕೂಡ ಮಾಡುತ್ತೇನೆ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ.

ತಮ್ಮ ಈಗ ಒತ್ತಕ್ಷರದಲ್ಲಿದ್ದಾನೆ. ‘ಅಕ್ಕ’, ‘ಅಮ್ಮ’, ‘ಅಜ್ಜಿ’ ಸಲೀಸು. ಅರ್ಕಾವತ್ತಿನಲ್ಲಿ ಸಿಕ್ಕಿಕೊಂಡಿದ್ದಾನೆ. ಮರಾಠಿಯಲ್ಲಿ ಇದೇ ರಕಾರದ ಗುರುತು, ಅಂದರೆ ರಫಾರ, ಅಕ್ಷರದ ತಲೆಯ ಮೇಲೆ ಕೂರುತ್ತದೆ, ನಮ್ಮಲ್ಲಿ ಮೊದಲು ಉಚ್ಚರಿಸುವ ರಕಾರ ಆಮೇಲೆ ಬಂದು ಪಕ್ಕದಲ್ಲಿ ನಿಲ್ಲುತ್ತದೆ, ಅದಕ್ಕೆ ‘ಸೂರ್ಯ’ ಅವನ ಬಾಯಲ್ಲಿ ‘ಸೂಯರ’ ಆಗಿದೆ. ಏಳು ಸಲ ಮರೆತಿದ್ದಾನೆ. ಅಜ್ಜಿ ಪೇಪರು, ಪೆನ್ನು ತೆಗೆದಿಟ್ಟಿದ್ದಾರೆ.