ಗೋಸುಂಬೆಗೆ ನೀರು: ಕೈ ಸ್ಪ್ರೇ, ಸಲೈನ್ ಸೆಟ್, ಪಂಪು, ಮಂಜಿನ ಯಂತ್ರ

ಬಟ್ಟಲಲ್ಲಿ ನೀರಿಟ್ಟರೆ ಗೋಸುಂಬೆ ಅದರತ್ತ ತಿರುಗಿಯೂ ನೋಡುವುದಿಲ್ಲ. ಎಲೆಯ ಮೇಲೆ ಹೊಳೆಯುವ ಹನಿ ಕಂಡರೆ ಮಾತ್ರ ಅದರ ಬಾಯಿ ತೆರೆಯುತ್ತದೆ. ಆದ್ದರಿಂದ ಇದನ್ನು ಸಾಕುವವರಿಗೆ ಗೂಡಿಗಿಂತ ನೀರಿನ ಏರ್ಪಾಟಿನದೇ ದೊಡ್ಡ ಚಿಂತೆ. ದಾವಣಗೆರೆಯ ನಮ್ಮ ಮನೆಯಲ್ಲಿ ನಾಲ್ಕು ಬಗೆಯ ಏರ್ಪಾಟು ಮಾಡಿ ನೋಡಿದ್ದೇನೆ. ಸಾಕಿರುವುದು ಯೆಮೆನ್ ಮೂಲದ ವೇಲ್ಡ್ ಕಮೀಲಿಯನ್. ಗೂಡು ನಾಲ್ಕೂ ಕಡೆ ಜಾಲರಿಯದು. ಹೊಲದ ಬೇಲಿಯಲ್ಲಿ ಕಾಣುವ ನಮ್ಮ ನಾಡಿನ ಗೋಸುಂಬೆಯನ್ನು ಹಿಡಿದು ತರುವ ಮಾತೇ ಬೇಡ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ವಿದೇಶಿ ತಳಿಯಾದರೂ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಣಿ ಮಾಡಿಸಬೇಕು.

ಎಲ್ಲಕ್ಕಿಂತ ಅಗ್ಗದ್ದು ಕೈ ಸ್ಪ್ರೇ. ಗಿಡಗಳಿಗೆ ಔಷಧಿ ಹೊಡೆಯುವ, ಗಾಳಿ ತುಂಬಿ ಒತ್ತುವ ಎರಡು ಲೀಟರಿನ ಡಬ್ಬಿ ಸಾಕು. ಹನಿ ಸಣ್ಣದು, ಎಲೆಗಳೆಲ್ಲ ಚೆನ್ನಾಗಿ ನೆನೆಯುತ್ತವೆ. ತೊಂದರೆ ಇರುವುದು ನಿಂತು ಹೊಡೆಯುವ ಮನುಷ್ಯನಲ್ಲಿ. ನೀರು ಬಿದ್ದ ತಕ್ಷಣ ಗೋಸುಂಬೆ ಕುಡಿಯುವುದಿಲ್ಲ. ಕೆಲವು ನಿಮಿಷ ಸುಮ್ಮನೆ ಕೂತು, ಕಣ್ಣು ಹೊರಳಿಸಿ ತೊಳೆದುಕೊಂಡು, ಆಮೇಲೆ ನಾಲಿಗೆ ಚಾಚುತ್ತದೆ. ಎದುರಿಗೆ ಯಾರಾದರೂ ನಿಂತಿದ್ದರೆ ಕೊಂಬೆಯ ಆಚೆ ಬದಿಗೆ ಸರಿದು ಅಡಗುತ್ತದೆ. ಅಷ್ಟು ಹೊತ್ತು ಹಿಡಿ ಒತ್ತಿಕೊಂಡು ನಿಲ್ಲುವ ತಾಳ್ಮೆ ಬೆಳಿಗ್ಗೆ ಕಚೇರಿಗೆ ಹೊರಡುವ ಹೊತ್ತಿನಲ್ಲಿ ಯಾರಿಗಿದೆ? ಏಪ್ರಿಲಿನಲ್ಲಂತೂ ಜಾಲರಿ ಗೂಡಿನ ಎಲೆ ನಾನು ಚಪ್ಪಲಿ ಮೆಟ್ಟುವಷ್ಟರಲ್ಲಿ ಒಣಗಿರುತ್ತದೆ.

ಎರಡನೆಯದು ಸಲೈನ್ ಸೆಟ್. ಎರಡು ವೈದ್ಯಕೀಯ ಕಾಲೇಜುಗಳಿರುವ ಊರಿನಲ್ಲಿ ಔಷಧಿ ಅಂಗಡಿಗೆ ಬರವಿಲ್ಲ. ಹೊಸ ಸೆಟ್ ತಂದು, ಬಾಟಲಿಯ ಮುಚ್ಚಳಕ್ಕೆ ಅದರ ಮೊನೆ ಚುಚ್ಚಿ, ಬಾಟಲಿಯನ್ನು ಗೂಡಿನ ಮೇಲೆ ತಲೆಕೆಳಗಾಗಿ ತೂಗುಹಾಕಿದರೆ ಕೆಲಸ ಮುಗಿಯಿತು. ಬಾಟಲಿಯ ತಳಕ್ಕೆ ಗಾಳಿಯಾಡಲು ಒಂದು ತೂತು ಬೇಕು, ಇಲ್ಲದಿದ್ದರೆ ಹನಿ ನಿಂತುಹೋಗುತ್ತದೆ. ಸಾಮಾನ್ಯ ಸೆಟ್ಟಿನಲ್ಲಿ 20 ಹನಿಗೆ ಒಂದು ಮಿಲಿಲೀಟರ್ ಲೆಕ್ಕ. ಎರಡು ಸೆಕೆಂಡಿಗೆ ಒಂದು ಹನಿಯಂತೆ ನಳಿಕೆಯ ಮೇಲಿನ ಪುಟ್ಟ ಗಾಲಿ ತಿರುಗಿಸಿಟ್ಟರೆ ಗಂಟೆಗೆ 90 ಮಿಲಿಲೀಟರ್ ಇಳಿಯುತ್ತದೆ. ಕೆಳಗೆ ಒಂದು ಬೋಗುಣಿ ಇಟ್ಟರೆ ನೆಲ ನೆನೆಯುವುದಿಲ್ಲ. ಮಕ್ಕಳಿಗೆ ಬಳಸುವ ಸೆಟ್ಟಿನಲ್ಲಿ 60 ಹನಿಗೆ ಒಂದು ಮಿಲಿಲೀಟರ್. ಆ ಹನಿ ತೀರಾ ಸಣ್ಣದು, ದಾಸವಾಳದ ಎಲೆಯನ್ನು ಅಲುಗಿಸುವುದೂ ಇಲ್ಲ. ಅಲುಗುವ ಎಲೆಯೇ ಗೋಸುಂಬೆಯನ್ನು ಕರೆಯುವುದು. ಅಡಿಕೆ ತೋಟದ ಡ್ರಿಪ್ಪರ್ ಹಾಕಿದರಾಗದೇ ಎಂದು ಚನ್ನಗಿರಿ ಕಡೆಯ ನೆಂಟರೊಬ್ಬರು ಕೇಳಿದ್ದರು. ಗಂಟೆಗೆ ನಾಲ್ಕು ಲೀಟರ್ ಬಿಡುವ ಅದು ತೋಟದಲ್ಲೇ ಇರಲಿ.

ಸಲೈನ್ ಸೆಟ್ಟಿಗೆ ವಿದ್ಯುತ್ ಬೇಡ, ಸದ್ದಿಲ್ಲ, ಕೆಡುವಂಥದ್ದೂ ಏನಿಲ್ಲ. ಬಾಟಲಿಯಲ್ಲಿ ನೀರು ತಗ್ಗಿದಂತೆ ಹನಿ ನಿಧಾನವಾಗುತ್ತದೆ, ಒಮ್ಮೆ ಗಾಲಿ ಸಡಿಲಿಸಬೇಕು, ಅಷ್ಟೇ. ಆದರೆ ಗೂಡಿನ ತೇವಾಂಶ ಇದರಿಂದ ಹೆಚ್ಚುವುದಿಲ್ಲ. ಕುಡಿಯಲು ಇದು ಸಾಕು, ಉಸಿರಿಗೆ ಸಾಲದು.

ಆ ಕೊರತೆಗೆ ಮೂರನೆಯದು, ಪಂಪು. ಗೋಸುಂಬೆಗೆಂದೇ ಮಾರುವ ಆಮದು ಯಂತ್ರದ ಬೆಲೆ ಕೇಳಿ ಕೈಬಿಟ್ಟೆ. ಆರ್‌ಒ ಫಿಲ್ಟರ್ ರಿಪೇರಿ ಅಂಗಡಿಯಲ್ಲಿ ಸಿಗುವ 24 ವೋಲ್ಟಿನ ಬೂಸ್ಟರ್ ಪಂಪು, ಅದರದೇ ಅಡಾಪ್ಟರ್, ಕಾಲಿಂಚಿನ ಪೈಪು, ಮಂಜು ಚಿಮ್ಮುವ ಎರಡು ನಾಝಲ್, ಒಂದು ಟೈಮರ್ ಸೇರಿಸಿದರೆ ಅದೇ ಕೆಲಸ ಮೂರು ಸಾವಿರದ ಆಸುಪಾಸಿನಲ್ಲಿ ಆಗುತ್ತದೆ. ಗೂಡಿನ ದೀಪ ಹತ್ತುವ ಮುನ್ನ ಎರಡು ನಿಮಿಷ, ಆರಿದ ಮೇಲೆ ಎರಡು ನಿಮಿಷ. ಮನುಷ್ಯರ ಸುಳಿವಿಲ್ಲದ್ದರಿಂದ ಪ್ರಾಣಿ ನಿಶ್ಚಿಂತೆಯಿಂದ ಕುಡಿಯುತ್ತದೆ. ನೀರಿನ ಕ್ಯಾನು ನಾಝಲ್‌ಗಿಂತ ಕೆಳಗೇ ಇರಬೇಕು. ಮೇಲಿದ್ದರೆ ಪಂಪು ನಿಂತರೂ ನೀರು ತಾನಾಗಿ ಹರಿಯುತ್ತಲೇ ಇರುತ್ತದೆ. ಟೈಮರ್ ಒಳಗೆ ಬ್ಯಾಟರಿ ಇರುವುದನ್ನೇ ಕೊಳ್ಳಿ. ಮುಳ್ಳು ತಿರುಗುವ ಅಗ್ಗದ ಟೈಮರ್ ವಿದ್ಯುತ್ ಹೋದಷ್ಟು ಹೊತ್ತು ಹಿಂದೆ ಬೀಳುತ್ತದೆ, ಬೇಸಿಗೆಯಲ್ಲಿ ಬೆಳಗಿನ ಮಂಜು ನಡುಹಗಲಿಗೆ ಸುರಿಯುತ್ತದೆ.

ಪಂಪಿನ ಹಣೆಬರಹ ಬರೆಯುವುದು ನೀರು. ನಗರದ ನಲ್ಲಿಗೆ ಬರುವ ತುಂಗಭದ್ರೆಯ ನೀರೋ ಕುಂದವಾಡ ಕೆರೆಯ ನೀರೋ ಆದರೆ ಹೇಗೋ ನಡೆಯುತ್ತದೆ. ಬೋರ್‌ವೆಲ್ ನೀರು ಹಾಕಿದರೆ ಕೂದಲೆಳೆಯಷ್ಟಿರುವ ನಾಝಲ್ ತೂತು ಸುಣ್ಣ ಕಟ್ಟಿ ಮಂಜಿನ ಬದಲು ಒಂದೇ ಎಳೆ ಚಿಮ್ಮುತ್ತದೆ, ಎಲೆಗಳ ಮೇಲೆ ಬಿಳಿ ಚುಕ್ಕೆ ಕೂರುತ್ತದೆ. ಬಿಚ್ಚಿ ವಿನೆಗರಿನಲ್ಲಿ ನೆನೆಸಿದರೆ ಮತ್ತೆ ತೆರೆಯುತ್ತದೆ, ಆದರೆ ಅದು ಮುಗಿಯದ ಕೆಲಸ. ಚಿತ್ರದುರ್ಗದ ಅಂತರ್ಜಲ ಇನ್ನೂ ಗಡಸು, ಫ್ಲೋರೈಡ್ ಬೇರೆ. ಅಲ್ಲಿಯವರು ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನು ತರುವ ಅಭ್ಯಾಸವಿಲ್ಲದಿದ್ದರೆ ಪಂಪಿನ ಗೋಜಿಗೆ ಹೋಗದಿರುವುದೇ ಲೇಸು.

ಇನ್ನು ಅಲ್ಟ್ರಾಸೋನಿಕ್ ಮಂಜಿನ ಯಂತ್ರ. ನೋಡಲು ಚೆಂದ, ಬಂದ ಅತಿಥಿಗಳು ಮೊದಲು ಕೈ ತೋರಿಸುವುದು ಅದಕ್ಕೇ. ಕುಡಿಯುವಷ್ಟು ಹನಿ ಅದರಿಂದ ಕಟ್ಟುವುದಿಲ್ಲ. ಯೆಮೆನ್ ಬೆಟ್ಟಗಳಲ್ಲಿ ಮಂಜು ಇಳಿಯುವುದು ತಂಪು ರಾತ್ರಿಯಲ್ಲಿ. ಇಲ್ಲಿ ಮೇ ತಿಂಗಳ ರಾತ್ರಿಯೂ ಕೋಣೆ ಕಾದಿರುತ್ತದೆ. ಸೆಕೆಯಲ್ಲಿ ಮಂಜು ತುಂಬಿ ಗಾಳಿ ಆಡದಿದ್ದರೆ ಶ್ವಾಸಕೋಶದ ಸೋಂಕಿಗೆ ದಾರಿ. ಗಡಸು ನೀರು ಹಾಕಿದರೆ ಖನಿಜದ ಬಿಳಿ ಧೂಳು ಗೂಡಿನ ಹೊರಗಿನ ಟಿವಿಯ ಮೇಲೂ ಕೂರುತ್ತದೆ. ಡಿಸೆಂಬರ್, ಜನವರಿಯ ತಣ್ಣನೆಯ ಒಣ ರಾತ್ರಿಗಳಿಗೆ ಮಾತ್ರ ಅದನ್ನು ಅಟ್ಟದಿಂದ ಇಳಿಸುತ್ತೇನೆ, ಅದೂ ಆರ್‌ಒ ನೀರಿನೊಂದಿಗೆ.

ಯಾವ ಏರ್ಪಾಟು ಸಾಕಾಗುತ್ತಿದೆ ಎಂಬುದನ್ನು ಹಿಕ್ಕೆ ನೋಡಿ ತಿಳಿಯಬೇಕು. ಅದರ ಜೊತೆ ಬೀಳುವ ಯೂರೇಟ್, ಅಂದರೆ ಗಟ್ಟಿಯಾದ ಮೂತ್ರ, ಬೆಳ್ಳಗಿದ್ದರೆ ನೀರು ಸಾಕು. ಕಿತ್ತಳೆಗೆ ತಿರುಗಿದರೆ, ಕಣ್ಣು ಗುಳಿಬಿದ್ದರೆ, ಸಾಲದು. ಈ ಅಳತೆಯಲ್ಲಿ ಒಂಟಿಯಾಗಿ ಗೆದ್ದದ್ದು ಸಲೈನ್ ಸೆಟ್ ಒಂದೇ. ನಮ್ಮ ಮನೆಯಲ್ಲೀಗ ಹಗಲಿಗೆ ಅದು, ಮುಂಜಾನೆ ಮತ್ತು ರಾತ್ರಿಗೆ ಪಂಪು. ಜುಲೈ, ಆಗಸ್ಟಿನಲ್ಲಿ ಮೋಡ ಕವಿದಿರುವ ವಾರಗಳಲ್ಲಿ ರಾತ್ರಿಯ ಸರದಿ ನಿಲ್ಲಿಸುತ್ತೇನೆ. ಹೊಸದಾಗಿ ಸಾಕುವವರು ಸಲೈನ್ ಸೆಟ್ ಮತ್ತು ಕೈ ಸ್ಪ್ರೇಯಿಂದ ಆರಂಭಿಸಲಿ. ಪಂಪು ಕೊಳ್ಳುವ ಮೊದಲು ಗೂಡಿನ ತಳಕ್ಕೆ ನೀರು ಹೊರಹೋಗುವ ತಟ್ಟೆ ಮಾಡಿಸಿಕೊಳ್ಳಲಿ. ನಿಂತ ನೀರಿಗೆ ಮೊದಲು ಬರುವುದು ಸೊಳ್ಳೆ.