ಮಸಾಯಿ ಮಾರಾದ ಸಫಾರಿಗೆ ಸೋನಿ 200-600: ಬಳಸಿ ನೋಡಿದ ಮೇಲಿನ ವಿಮರ್ಶೆ

ಕೀನ್ಯಾದ ಮಸಾಯಿ ಮಾರಾ ಮೀಸಲು ಪ್ರದೇಶಕ್ಕೆ ಕ್ಯಾಮೆರಾ ಹಿಡಿದು ಹೊರಡುವವರು ಲೆನ್ಸಿನ ಜಾಹೀರಾತು ಓದುವುದಕ್ಕೆ ಮೊದಲು ಅಲ್ಲಿನ ನಿಯಮಗಳನ್ನು ಓದುವುದು ಒಳ್ಳೆಯದು. ಸುಮಾರು 1,510 ಚದರ ಕಿಲೋಮೀಟರ್ ವಿಸ್ತಾರದ ಆ ಹುಲ್ಲುಗಾವಲಿನಲ್ಲಿ ಪ್ರಾಣಿಗಳ ಬಳಿ ವಾಹನದಿಂದ ಕೆಳಗಿಳಿಯುವಂತಿಲ್ಲ, ವಾಹನವು ದಾರಿ ಬಿಟ್ಟು ಹುಲ್ಲಿನೊಳಗೆ ನುಗ್ಗುವಂತಿಲ್ಲ, ಪ್ರಾಣಿಯಿಂದ ಕನಿಷ್ಠ 25 ಮೀಟರ್ ಅಂತರ ಕಾಯ್ದುಕೊಳ್ಳಬೇಕು, ಒಂದು ಪ್ರಾಣಿಯ ಸುತ್ತ ಏಕಕಾಲಕ್ಕೆ ಐದಕ್ಕಿಂತ ಹೆಚ್ಚು ವಾಹನಗಳು ನಿಲ್ಲಬಾರದು, ಬೇರೆಯವರು ಕಾಯುತ್ತಿದ್ದರೆ ಹತ್ತು ನಿಮಿಷಕ್ಕೆ ಜಾಗ ಬಿಡಬೇಕು. ಪ್ರಾಣಿಗಳ ನೆಮ್ಮದಿಗಾಗಿ ಮಾಡಿದ ಈ ನಿಯಮಗಳು ತೀರಾ ಅಗತ್ಯವಾದವು. ಆದರೆ ಇವುಗಳಿಂದಾಗಿ, ಎರಡು ಹೆಜ್ಜೆ ಮುಂದೆ ಹೋಗಿಯೋ ಹಿಂದೆ ಸರಿದೋ ಚೌಕಟ್ಟು ಹೊಂದಿಸಿಕೊಳ್ಳುವ ಛಾಯಾಗ್ರಾಹಕನ ಸಹಜ ಅಭ್ಯಾಸಕ್ಕೆ ಅಲ್ಲಿ ಅವಕಾಶವೇ ಇರುವುದಿಲ್ಲ. ಆ ಕೆಲಸವನ್ನೆಲ್ಲ ಜೂಮ್ ಉಂಗುರವೇ ಮಾಡಬೇಕು. ಸೋನಿಯ 200-600 ಮಿ.ಮೀ. ಜೂಮ್ ಲೆನ್ಸನ್ನು (ಮಿ.ಮೀ. ಸಂಖ್ಯೆ ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ) ನಾನು ಅಳೆದು ನೋಡಿದ್ದು ಮುಖ್ಯವಾಗಿ ಈ ಒಂದು ದೃಷ್ಟಿಯಿಂದ.

2019ರ ಜೂನ್‌ನಲ್ಲಿ ಸೋನಿ ತನ್ನ ದುಬಾರಿ 600 ಮಿ.ಮೀ. ಎಫ್ 4 ಲೆನ್ಸಿನ ಜೊತೆಯಲ್ಲೇ ಇದನ್ನು ಪ್ರಕಟಿಸಿತು. ಆಗಿನ ಬೆಲೆ ಸುಮಾರು 2,000 ಅಮೆರಿಕನ್ ಡಾಲರ್. ಎಫ್ 4 ಲೆನ್ಸಿನ ಬೆಲೆ ಆಗ ಸುಮಾರು 13,000 ಡಾಲರ್. 200-600ರ ತೂಕ ಟ್ರೈಪಾಡ್ ಕಾಲನ್ನು (ಟ್ರೈಪಾಡಿಗೆ ಜೋಡಿಸಲು ಲೆನ್ಸಿನಡಿಯಲ್ಲಿರುವ ಭಾಗ) ಬಿಟ್ಟು 2,115 ಗ್ರಾಂ, ಉದ್ದ 318 ಮಿ.ಮೀ. ದ್ಯುತಿರಂಧ್ರವು (ಬೆಳಕು ಒಳಬರುವ ಕಿಂಡಿ; ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಹೆಚ್ಚು) 200 ಮಿ.ಮೀ.ನಲ್ಲಿ ಎಫ್ 5.6ರವರೆಗೆ, 600 ಮಿ.ಮೀ.ನಲ್ಲಿ ಎಫ್ 6.3ರವರೆಗೆ ತೆರೆಯುತ್ತದೆ.

ಆ 25 ಮೀಟರ್ ಅಂತರಕ್ಕೂ ಈ ಲೆನ್ಸಿನ ವ್ಯಾಪ್ತಿಗೂ ಇರುವ ಹೊಂದಾಣಿಕೆಯನ್ನು ಲೆಕ್ಕ ಹಾಕಿಯೇ ನೋಡಬಹುದು. ಫುಲ್ ಫ್ರೇಮ್ (ಚಿತ್ರ ಹಿಡಿಯುವ ಸೆನ್ಸರ್ ಸುಮಾರು 36 ಮಿ.ಮೀ. ಅಗಲವಿರುವ) ಕ್ಯಾಮೆರಾದಲ್ಲಿ 25 ಮೀಟರ್ ದೂರದ ವಸ್ತುವಿನ ಮೇಲೆ 600 ಮಿ.ಮೀ. ಇಟ್ಟರೆ ಚೌಕಟ್ಟಿನ ಅಗಲದಲ್ಲಿ ಒಂದೂವರೆ ಮೀಟರ್ ಜಾಗ ಹಿಡಿಯುತ್ತದೆ. ಅಂದರೆ ಗಂಡು ಸಿಂಹದ ತಲೆ, ಕೇಸರ ಮತ್ತು ಭುಜ. ಅಲ್ಲಿಂದಲೇ 200 ಮಿ.ಮೀ.ಗೆ ಇಳಿಸಿದರೆ ನಾಲ್ಕೂವರೆ ಮೀಟರ್ ಅಗಲ ಸಿಗುತ್ತದೆ. ಮರಿಗಳೊಡನೆ ಮಲಗಿರುವ ಸಿಂಹಿಣಿಯ ಇಡೀ ದೃಶ್ಯ ಅದರಲ್ಲಿ ಆರಾಮವಾಗಿ ಕೂರುತ್ತದೆ. ವಾಹನ ಒಂದಂಗುಲವೂ ಕದಲದೆ ಮುಖಚಿತ್ರದಿಂದ ಕುಟುಂಬಚಿತ್ರದವರೆಗೆ ಹೋಗಿ ಬರಬಹುದು. ಸ್ಥಿರ ನಾಭಿದೂರದ (ಜೂಮ್ ಇಲ್ಲದ) ಲೆನ್ಸು ಎಷ್ಟೇ ಉತ್ತಮವಾಗಿದ್ದರೂ ಈ ಅನುಕೂಲವನ್ನು ಕೊಡಲಾರದು. ನಿಮ್ಮ ಸರದಿಯ ಹತ್ತು ನಿಮಿಷಗಳಲ್ಲಿ ಸಿಂಹಿಣಿ ಎದ್ದು ನಿಮ್ಮ ಕಡೆಗೇ ನಡೆದು ಬಂದರೆ 600 ಮಾತ್ರ ಇರುವವರಿಗೆ ಬರಿಯ ಹಣೆಯೂ ಮೂಗೂ ಉಳಿಯುತ್ತವೆ.

ಈ ಲೆನ್ಸಿನಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಗುಣವೆಂದರೆ ಜೂಮ್ ಮಾಡುವಾಗ ಅದು ಉದ್ದವಾಗದಿರುವುದು. ಒಳಗಿನ ಗಾಜುಗಳಷ್ಟೇ ಸರಿದಾಡುತ್ತವೆ, ಕೊಳವೆ ಇದ್ದಂತೆಯೇ ಇರುತ್ತದೆ. ಕಾಗದದ ಮೇಲೆ ಇದು ಸಣ್ಣ ಸಂಗತಿಯಂತೆ ಕಾಣಬಹುದು, ಆದರೆ ಮಾರಾದ ಒಣ ದಿನಗಳಲ್ಲಿ ಇದರ ಬೆಲೆ ತಿಳಿಯುತ್ತದೆ. ಎದುರಿನಿಂದ ಒಂದು ಲ್ಯಾಂಡ್ ಕ್ರೂಸರ್ ಹಾದು ಹೋದರೆ ಸಾಕು, ನಸುಗೆಂಪು ಧೂಳು ತೆರೆದ ಕಿಟಕಿಯಿಂದ ಒಳಬಂದು ಲೆನ್ಸಿನ ಬಿಳಿ ಮೈಮೇಲೆ ಹಿಟ್ಟಿನಂತೆ ಕೂರುತ್ತದೆ. ಬೆರಳಾಡಿಸಿದರೆ ಗೆರೆ ಮೂಡುತ್ತದೆ. ಹೊರಚಾಚುವ ಕೊಳವೆಯ ಲೆನ್ಸಾದರೆ ಚಾಚಿದ ಭಾಗಕ್ಕೆ ಅಂಟಿದ ಇದೇ ಧೂಳು ಒಳಗೆಳೆಯುವಾಗ ರಬ್ಬರ್ ಪಟ್ಟಿಯವರೆಗೂ ಹೋಗುತ್ತದೆ. ಇಲ್ಲಿ ಅಂಥ ಚಾಚುವ ಭಾಗವೇ ಇಲ್ಲ. ಸಂಜೆ ಮೃದುವಾದ ಬ್ರಷ್ಷಿನಿಂದ ಒರೆಸಿದರೆ ಕೆಲಸ ಮುಗಿಯಿತು. ಉದ್ದ ಬದಲಾಗದ ಕಾರಣ ತೂಕದ ಕೇಂದ್ರವೂ ಬಹಳ ಸರಿಯುವುದಿಲ್ಲ, ಬೀನ್ ಬ್ಯಾಗಿನ (ಲೆನ್ಸಿಗೆ ಆಸರೆಯಾಗುವ, ಕಾಳು ತುಂಬಿದ ಚೀಲ) ಮೇಲೆ ಒಮ್ಮೆ ಕೂರಿಸಿದ ಲೆನ್ಸು 200ರಲ್ಲೂ 600ರಲ್ಲೂ ಮೂಗು ತಗ್ಗಿಸದೆ ನಿಲ್ಲುತ್ತದೆ.

ಜೂಮ್ ಉಂಗುರದ ತಿರುವೂ ಚಿಕ್ಕದು. ಒಂದು ತುದಿಯಿಂದ ಇನ್ನೊಂದು ತುದಿಗೆ ಕಾಲು ಸುತ್ತಿಗಿಂತಲೂ ಕಡಿಮೆ, ಹಗುರವಾಗಿ ಎರಡು ಬೆರಳಿನಲ್ಲೇ ತಿರುಗಿಸುವಷ್ಟು. ಹುತ್ತದ ಮೇಲೆ ನಿಂತು ದೂರದ ಗಸೆಲ್ ಹಿಂಡನ್ನು ದಿಟ್ಟಿಸುತ್ತಿದ್ದ ಚೀತಾವೊಂದನ್ನು 600ರಲ್ಲಿ ಚೌಕಟ್ಟು ತುಂಬ ಹಿಡಿದು ಕಾದು ಕುಳಿತಾಗ ಇದರ ಉಪಯೋಗ ಕಣ್ಣಿಗೆ ಕಟ್ಟುವಂತೆ ತಿಳಿಯಿತು. ಚೀತಾ ಹೊರಡುವ ಮುನ್ನ ತಲೆಯನ್ನು ಭುಜದ ಮಟ್ಟಕ್ಕೆ ಇಳಿಸುತ್ತದೆ, ಮುಂಗಾಲಿನ ಸ್ನಾಯು ಬಿಗಿಯುತ್ತದೆ, ಬಾಲದ ತುದಿ ಒಮ್ಮೆ ಕೊಂಕುತ್ತದೆ. ಆ ಸೂಚನೆ ಕಂಡ ಕೂಡಲೇ ಕಣ್ಣನ್ನು ವ್ಯೂಫೈಂಡರಿನಿಂದ ತೆಗೆಯದೆ 300ರ ಆಸುಪಾಸಿಗೆ ತಿರುಗಿಸಿಕೊಂಡದ್ದರಿಂದ ಅದು ಹುತ್ತದಿಂದ ಜಿಗಿದ ಮೊದಲ ನೆಗೆತವೂ, ಆಮೇಲಿನ ಓಟದ ಒಂದಿಷ್ಟು ಭಾಗವೂ ಚೌಕಟ್ಟಿನೊಳಗೇ ಉಳಿದವು. ಉಂಗುರವನ್ನು ಎರಡು ಸಲ ಕೈ ಬದಲಿಸಿ ತಿರುಗಿಸಬೇಕಾದ ಲೆನ್ಸಿನಲ್ಲಿ ಅಷ್ಟು ಸಮಯವೇ ಸಿಗುತ್ತಿರಲಿಲ್ಲ.

ಆಟೋಫೋಕಸ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಪ್ರಾಣಿಗಳ ಕಣ್ಣನ್ನು ಗುರುತಿಸಬಲ್ಲ ಕ್ಯಾಮೆರಾದ ಜೊತೆ ಅದು ವೇಗವಾಗಿಯೂ ಸದ್ದಿಲ್ಲದೆಯೂ ಕೆಲಸ ಮಾಡುತ್ತದೆ. ತೊಡಕು ಬರುವುದು ಎತ್ತರದ ಹುಲ್ಲಿನಲ್ಲಿ: ಗಾಳಿಗೆ ತೂಗುವ ಒಂದು ಎಸಳು ಕಣ್ಣಿಗೆ ಅಡ್ಡ ಬಂದರೆ ಫೋಕಸ್ ಎಸಳಿಗೆ ಜಾರಿ, ಮತ್ತೆ ಪ್ರಾಣಿಗೆ ಮರಳಲು ತಡವಾಗುತ್ತದೆ. ಲೆನ್ಸಿನ ಪಕ್ಕದಲ್ಲಿರುವ ಫೋಕಸ್ ಮಿತಿಯ ಗುಂಡಿಯನ್ನು 10 ಮೀಟರಿನಿಂದ ಅನಂತದವರೆಗಿನ ಸ್ಥಾನದಲ್ಲಿ ಇಟ್ಟುಕೊಂಡರೆ ವಾಹನಕ್ಕೆ ತೀರಾ ಸಮೀಪದ ಹುಲ್ಲಿಗೆ ಫೋಕಸ್ ಓಡಿಹೋಗುವುದು ತಪ್ಪುತ್ತದೆ. ಆದರೆ ಬಂಡೆಯ ಮೇಲೆ ಬಿಸಿಲು ಕಾಯುವ ಕೆಂಪು ತಲೆಯ ಅಗಾಮ ಓತಿಯಂಥದ್ದು ಪಕ್ಕದಲ್ಲೇ ಸಿಕ್ಕಿದಾಗ ಅದನ್ನು ಹಿಂದಿರುಗಿಸಲು ನೆನಪಿರಬೇಕು, ಲೆನ್ಸು 2.4 ಮೀಟರಿನವರೆಗೂ ಫೋಕಸ್ ಮಾಡಬಲ್ಲದು, ಓತಿಯ ಹುರುಪೆಗಳನ್ನು ಒಂದೊಂದಾಗಿ ಎಣಿಸುವಷ್ಟು ವಿವರ ಕೊಡುತ್ತದೆ.

ಇನ್ನು ಇದರ ದೌರ್ಬಲ್ಯ. ಅದು ಬೆಳಗಿನ ಮೊದಲ ಅರ್ಧ ಗಂಟೆಯಲ್ಲಿ ಕಾಣುತ್ತದೆ, ಮತ್ತು ಸಫಾರಿಯಲ್ಲಿ ಅತಿ ಮುಖ್ಯವಾದ ಅರ್ಧ ಗಂಟೆಯೂ ಅದೇ. ಮಾರಾ ಭೂಮಧ್ಯರೇಖೆಗೆ ತೀರಾ ಹತ್ತಿರದಲ್ಲಿರುವುದರಿಂದ ವರ್ಷವಿಡೀ ಆರೂವರೆಯ ಸುಮಾರಿಗೆ ಸೂರ್ಯೋದಯವಾಗುತ್ತದೆ, ಸೂರ್ಯ ಬಹುತೇಕ ನೆಟ್ಟಗೆ ಮೇಲೇರುತ್ತಾನೆ, ಹೊಂಬಣ್ಣದ ಬೆಳಕು ಬೇಗ ಮುಗಿದುಹೋಗುತ್ತದೆ. ರಾತ್ರಿಯ ಬೇಟೆ ಮುಗಿಸಿದ ಸಿಂಹಗಳು ಇನ್ನೂ ಓಡಾಡುತ್ತಿರುವುದು, ಕತ್ತೆಕಿರುಬಗಳು ಬಿಲದ ಬಾಯಲ್ಲಿ ಮರಿಗಳೊಡನೆ ಕಾಣಸಿಗುವುದು ಆ ಹೊತ್ತಿನಲ್ಲೇ. ಎಫ್ 4ಕ್ಕೆ ಹೋಲಿಸಿದರೆ ಎಫ್ 6.3ರಲ್ಲಿ ಸೆನ್ಸರಿಗೆ ತಲುಪುವ ಬೆಳಕು ಎರಡೂವರೆ ಪಟ್ಟು ಕಡಿಮೆ. ಎಫ್ 4 ಲೆನ್ಸಿನವರು ಸೆನ್ಸರಿನ ಬೆಳಕಿನ ಸಂವೇದನೆಯ ಅಳತೆಯಾದ ಐಎಸ್‌ಒ 2500ರಲ್ಲಿ ತೆಗೆಯುವ ಚಿತ್ರವನ್ನು ಅದೇ ಶಟರ್ ವೇಗದಲ್ಲಿ ಇದರಿಂದ ತೆಗೆಯಲು ಐಎಸ್‌ಒ 6400 ಬೇಕು. ಈಗಿನ ಕ್ಯಾಮೆರಾಗಳೂ ನಾಯ್ಸ್ (ಚಿತ್ರದಲ್ಲಿ ಮೂಡುವ ಕಾಳುಕಾಳಾದ ಕಲೆ) ತಗ್ಗಿಸುವ ತಂತ್ರಾಂಶಗಳೂ ಇದನ್ನು ಬಹುಮಟ್ಟಿಗೆ ನಿಭಾಯಿಸುತ್ತವೆ ಎಂಬುದು ನಿಜ. ಆದರೂ ಕೇಸರದ ನೆರಳಿನ ಭಾಗದಲ್ಲಿ ಕೂದಲಿನ ಎಳೆಗಳು ಒಂದಕ್ಕೊಂದು ಕಲೆತುಹೋಗುವುದನ್ನು ದೊಡ್ಡದಾಗಿ ಮುದ್ರಿಸಿದಾಗ ಕಾಣಬಹುದು. ಪ್ರಾಣಿ ನಿಶ್ಚಲವಾಗಿದ್ದರೆ ಎಂಜಿನ್ ನಿಲ್ಲಿಸುವಂತೆ ಚಾಲಕರನ್ನು ಕೇಳಿಕೊಂಡು, ಬೀನ್ ಬ್ಯಾಗಿನ ಮೇಲೆ ಲೆನ್ಸು ಊರಿ, ಕಂಪನ ನಿವಾರಣೆಯ ನೆರವಿನಿಂದ ಸೆಕೆಂಡಿನ 125ನೇ ಒಂದು ಭಾಗಕ್ಕೆ ಇಳಿಯುವುದು ಉತ್ತಮ ದಾರಿ. ಓಡುವ ಪ್ರಾಣಿಗೆ ಸೆಕೆಂಡಿನ 2000ನೇ ಒಂದು ಭಾಗವಾದರೂ ಬೇಕಾಗುವುದರಿಂದ ಈ ಉಪಾಯ ಅಲ್ಲಿ ನಡೆಯದು. ಬೆಳಕೇರುವ ತನಕ ಐಎಸ್‌ಒ ಏರಿಸಲೇಬೇಕು.

ಹಿನ್ನೆಲೆ ಮಸುಕಾಗುವುದಿಲ್ಲ ಎಂಬ ದೂರನ್ನು ಮಾತ್ರ ನಾನು ಒಪ್ಪುವುದಿಲ್ಲ. 600 ಮಿ.ಮೀ.ನಲ್ಲಿ, 25 ಮೀಟರ್ ದೂರದಲ್ಲಿ, ಎಫ್ 6.3ರಲ್ಲಿ ಸ್ಪಷ್ಟವಾಗಿ ಮೂಡುವ ಆಳ ಸುಮಾರು 65 ಸೆಂಟಿಮೀಟರ್. ಸಿಂಹದ ಮೂಗಿನಿಂದ ಕಿವಿಯವರೆಗೆ ಚೂಪಾಗಿರಲು ಅಷ್ಟು ಬೇಕೇ ಬೇಕು, ಮಾರಾದ ವಿಶಾಲ ಬಯಲಿನಲ್ಲಿ ಹಿಂದಿನ ಹುಲ್ಲು ಹೇಗಿದ್ದರೂ ಕರಗಿ ಹೋಗುತ್ತದೆ. ಪೊದೆಯೊಳಗಿನ ಚಿರತೆಗೆ, ಕೊಂಬೆಗಳು ಬೆನ್ನಿಗೇ ಅಂಟಿಕೊಂಡಿರುವಾಗ, ಎಫ್ 4 ಮೇಲು ಎನಿಸುವುದು ಸಹಜ.

ಮಧ್ಯಾಹ್ನದ ಚಿತ್ರಗಳ ಮಸುಕಿಗೆ ಲೆನ್ಸನ್ನು ದೂರುವುದೂ ಸರಿಯಲ್ಲ. ಬಿಸಿಲೇರಿದ ಮೇಲೆ ನೆಲದಿಂದೇಳುವ ಬಿಸಿ ಗಾಳಿಯ ಅಲೆಗಳು ನೂರು ಮೀಟರಿಗೂ ಆಚೆಗಿನ ಪ್ರಾಣಿಯ ಅಂಚುಗಳನ್ನು ನೀರಿನಲ್ಲಿ ಅದ್ದಿದಂತೆ ಕಲಕಿಬಿಡುತ್ತವೆ. ಶಟರ್ ವೇಗ ಹೆಚ್ಚಿಸಿದರೂ, ಲೆನ್ಸು ಬದಲಿಸಿದರೂ ಅದು ಸರಿಹೋಗುವುದಿಲ್ಲ. ಇದೇ ಕಾರಣಕ್ಕೆ ಲೆನ್ಸು ಮತ್ತು ಕ್ಯಾಮೆರಾ ನಡುವೆ 1.4 ಪಟ್ಟಿನ ಟೆಲಿಕನ್ವರ್ಟರ್ (ನಾಭಿದೂರ ಹಿಗ್ಗಿಸುವ ಪೂರಕ ಲೆನ್ಸು) ಹಾಕಿ 840 ಮಿ.ಮೀ. ಮಾಡಿಕೊಳ್ಳುವುದನ್ನು ನಾನು ಸೂಚಿಸುವುದಿಲ್ಲ. ದ್ಯುತಿರಂಧ್ರ ಎಫ್ 9ಕ್ಕೆ ಇಳಿಯುವುದರಿಂದ ಬೆಳಗ್ಗೆ ಬೆಳಕು ಸಾಲದು, ಬೆಳಕು ಸಾಕಷ್ಟಿರುವ ಹೊತ್ತಿಗೆ ಗಾಳಿ ಬಿಡದು. ಜೊತೆಗೆ ಧೂಳಿನ ನಡುವೆ ಲೆನ್ಸು ಕಳಚಿ ಸೆನ್ಸರನ್ನು ಗಾಳಿಗೊಡ್ಡಬೇಕಾಗುತ್ತದೆ.

ಲೆನ್ಸು ಕಳಚಬಾರದೆಂದರೆ ಎರಡನೆಯ ಕ್ಯಾಮೆರಾ ಬೇಕು. 200 ಮಿ.ಮೀ. ಕೆಳತುದಿ ಸಫಾರಿಯಲ್ಲಿ ಅನೇಕ ಸಲ ಸಾಲುವುದಿಲ್ಲ. 25 ಮೀಟರಿನಲ್ಲಿ ಬೆಳೆದ ಗಂಡಾನೆ ಸೊಂಡಿಲಿನಿಂದ ಬಾಲದವರೆಗೆ ಚೌಕಟ್ಟಿನಲ್ಲಿ ಹಿಡಿಸುವುದಿಲ್ಲ, ಹಿಂಡಿನ ಮಾತಂತೂ ದೂರವೇ ಉಳಿಯಿತು. ಜುಲೈಯಿಂದ ಅಕ್ಟೋಬರ್ ನಡುವೆ ಹುಲ್ಲೆಯ ಜಾತಿಯ ವಿಲ್ಡೆಬೀಸ್ಟ್‌ಗಳು ಮಾರಾ ನದಿ ದಾಟುವಾಗ ಪರಿಸ್ಥಿತಿ ಸ್ವಲ್ಪ ಬೇರೆ. ವಾಹನಗಳು ದಡದಿಂದ ದೂರ ನಿಲ್ಲಬೇಕಾದ್ದರಿಂದ 100 ಮೀಟರ್ ಅಂತರದಲ್ಲಿ 200ಕ್ಕೆ 18 ಮೀಟರ್ ಅಗಲ ಸಿಕ್ಕಿ, ದಡದಿಂದ ನೀರಿಗೆ ಧುಮುಕುವ ಸಾಲಿನ ಒಂದು ಭಾಗವನ್ನು ಚೆನ್ನಾಗಿ ಹಿಡಿಯಬಹುದು; 600ಕ್ಕೆ ಹೋದರೆ ಆರು ಮೀಟರಿನೊಳಗೆ ಬೆದರಿದ ಒಂದೆರಡು ಕಣ್ಣುಗಳನ್ನೂ ಚಿಮ್ಮುವ ಕೆಸರನ್ನೂ ಬೇರ್ಪಡಿಸಿ ತೋರಿಸಬಹುದು. ಆದರೆ ಆ ಬೃಹತ್ ದೃಶ್ಯದ ವೈಶಾಲ್ಯ, ಎದುರು ದಡದಲ್ಲಿ ಕಾದು ನಿಂತ ಸಾವಿರಾರು ಬೆನ್ನುಗಳು, ಮೇಲೆದ್ದ ಧೂಳು, ಇವೆಲ್ಲ 24-105ರಂಥ ಲೆನ್ಸಿನ ಕೆಲಸ.

ಸಾಗಿಸುವ ವಿಷಯದಲ್ಲೂ ಯೋಚನೆ ಅಗತ್ಯ. ನೈರೋಬಿಯ ವಿಲ್ಸನ್ ನಿಲ್ದಾಣದಿಂದ ಮಾರಾಕ್ಕೆ ಹಾರುವ ಸಣ್ಣ ವಿಮಾನಗಳಲ್ಲಿ ಸಾಮಾನ್ಯವಾಗಿ ಒಬ್ಬರಿಗೆ ಎಲ್ಲ ಸೇರಿ 15 ಕಿಲೋ ಮಿತಿ, ಅದೂ ಮೆದುವಾದ ಚೀಲದಲ್ಲಿ. ಉದ್ದ ಕುಗ್ಗದ ಈ ಲೆನ್ಸು ಚೀಲದ ತುಂಬ ಜಾಗ ಹಿಡಿಯುತ್ತದೆ. ಒಳಜೂಮಿನ ಅನುಕೂಲಕ್ಕೆ ತೆರಬೇಕಾದ ಬೆಲೆ ಅದು. ಟ್ರೈಪಾಡನ್ನು ಒಯ್ಯುವುದು ಬೇಡ, ವಾಹನದೊಳಗೆ ಅದನ್ನು ಊರುವ ಜಾಗವಿರುವುದಿಲ್ಲ. ಬೀನ್ ಬ್ಯಾಗನ್ನು ಖಾಲಿಯಾಗಿ ಒಯ್ದು ತಂಗುವ ಸ್ಥಳದಲ್ಲಿ ಅಕ್ಕಿಯನ್ನೋ ಕಾಳನ್ನೋ ತುಂಬಿಸಿಕೊಳ್ಳಬಹುದು. ಆಗ ಟ್ರೈಪಾಡ್ ಕಾಲನ್ನು ಮೇಲ್ಮುಖವಾಗಿ ತಿರುಗಿಸಿದರೆ ಲೆನ್ಸಿನ ಹೊಟ್ಟೆ ಚೀಲಕ್ಕೆ ಸರಿಯಾಗಿ ಕೂರುತ್ತದೆ, ಕಾಲು ಎತ್ತಿಕೊಳ್ಳುವ ಹಿಡಿಯೂ ಆಗುತ್ತದೆ.

ಪ್ರವಾಸ ಮುಖ್ಯವಾಗಿ ಮಾರಾದ ಬೆಕ್ಕಿನ ಜಾತಿಯ ಪ್ರಾಣಿಗಳಿಗಾಗಿ ಎಂದಾದರೆ, ಸೋನಿ ಕ್ಯಾಮೆರಾ ಇರುವವರಿಗೆ ಬೇರೆ ಯಾವ ಲೆನ್ಸಿಗಿಂತ ಮೊದಲು ಇದನ್ನು ಹೇಳುತ್ತೇನೆ. ಹಕ್ಕಿಗಳಿಗೆ ಆದ್ಯತೆ ಕೊಡುವವರಿಗೂ ಇದೇ ಮಾತು. ನೇರಳೆ ಎದೆಯ ನೀಲಕಂಠ ದಾರಿಬದಿಯ ಮುಳ್ಳುಕಂಟಿಯ ತುದಿಯಲ್ಲಿ ಕುಳಿತಾಗ 600 ಮಿ.ಮೀ. ಇದ್ದಷ್ಟೂ ಬೇಕೆನಿಸುತ್ತದೆ. ಆದರೆ ಮೀಸಲು ಪ್ರದೇಶದ ಅಂಚಿನ ಕನ್ಸರ್ವೆನ್ಸಿಗಳಲ್ಲಿ (ಸ್ಥಳೀಯರ ಜಮೀನಿನಲ್ಲಿರುವ ಖಾಸಗಿ ಸಂರಕ್ಷಿತ ಪ್ರದೇಶಗಳು) ದಾರಿ ಬಿಟ್ಟು ಸಾಗಲು ಸಾಮಾನ್ಯವಾಗಿ ಅನುಮತಿ ಇರುವುದರಿಂದ, ಅಲ್ಲೇ ತಂಗುವವರಿಗೆ ಪ್ರಾಣಿಗಳಿಗೆ ತೊಂದರೆಯಾಗದಂತೆ ಸರಿಯಾದ ಕೋನಕ್ಕೆ ಬರುವ ಅವಕಾಶ ಹೆಚ್ಚು, ಈ ಉದ್ದದ ಅಗತ್ಯ ಕಡಿಮೆ. ಕಿಲಿಮಂಜಾರೋ ಹಿನ್ನೆಲೆಯಲ್ಲಿ ಆನೆಗಳನ್ನು ತೆಗೆಯಲು ಕೀನ್ಯಾದ ಅಂಬೋಸೆಲಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವವರು 1,395 ಗ್ರಾಂ ತೂಕದ ಸೋನಿ 100-400 ಲೆನ್ಸನ್ನು ಒಯ್ಯುವುದೇ ಸೂಕ್ತ. ಅಲ್ಲಿ ಬೇಕಾಗುವುದು ಆನೆಯ ಜೊತೆಗೆ ಬೆಟ್ಟವನ್ನೂ ಹಿಡಿಸುವ ಕೆಳತುದಿ, ಮತ್ತು 100 ಮಿ.ಮೀ.ನಲ್ಲಿ ಆ ಲೆನ್ಸು ಕೊಡುವ ಎಫ್ 4.5ರ ಬೆಳಕು ಬೆಳಗಿನ ಹೊತ್ತಿಗೆ ಇದಕ್ಕಿಂತ ಹೆಚ್ಚು.